ಹೇಳಿದ್ದನ್ನು ತಿರುಗಿ ಹೇಳುವ ನೌಕರಿ

ಯಾವ ನೌಕರಿಯೂ ಬರೀ ಸಂಬಳ ಕೊಟ್ಟು ಸುಮ್ಮನಾಗುವುದಿಲ್ಲ, ಜೊತೆಗೊಂದು ಚಟವನ್ನೂ ಅಂಟಿಸುತ್ತದೆ. ಶಾಲೆಯ ಮಾಸ್ತರರು ನೆಂಟರ ಲಗ್ನಪತ್ರಿಕೆಯಲ್ಲೂ ಕಾಗುಣಿತದ ತಪ್ಪು ಹುಡುಕುತ್ತಾರೆ. ನಮ್ಮ ಓಣಿಯ ಕಂಡಕ್ಟರು ತಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದವರಿಗೇ "ಒಳಗ ಸರೀರಿ, ಒಳಗ ಸರೀರಿ" ಎನ್ನುತ್ತಿದ್ದರು. ಸಂಬಳ ತಿಂಗಳೊಳಗೆ ಮುಗಿದುಹೋಗುತ್ತದೆ, ಚಟ ಮಾತ್ರ ಉಳಿಯುತ್ತದೆ. ರೈಲ್ವೆ ನನಗೆ ಅಂಟಿಸಿದ ಚಟದಿಂದ ನನ್ನ ಮದುವೆಯೇ ತಪ್ಪಿಹೋಗುವುದರಲ್ಲಿತ್ತು.

ನಾನು ಸುರಪುರದವನು. ನಮ್ಮೂರಿಗೆ ರೈಲಿಲ್ಲ. ರೈಲಿನ ಮುಖ ನೋಡಬೇಕೆಂದರೆ ಬಸ್ಸು ಹತ್ತಿ, ಶಹಾಪುರದಲ್ಲಿ ಇಳಿದು ಚಹಾ ಕುಡಿದು, ಮತ್ತೆ ಹತ್ತಿ ಯಾದಗಿರಿಗೆ ಬರಬೇಕು. ಅದಕ್ಕೇ ಇರಬೇಕು, ನಮ್ಮ ಮಂದಿಗೆ ರೈಲ್ವೆ ನೌಕರಿಯೆಂದರೆ ಎಲ್ಲಿಲ್ಲದ ಗೌರವ. ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಕೊನೆಗೊಮ್ಮೆ ಯಾದಗಿರಿಯ ಆಚೆಗಿನ ಸಣ್ಣ ಸ್ಟೇಷನ್ನಿಗೆ ನಾನು ಸ್ಟೇಷನ್ ಮಾಸ್ತರನಾದಾಗ ಅವ್ವ ಓಣಿಗೆಲ್ಲ ಪೇಢೆ ಹಂಚಿ, "ನನ್ನ ಮಗ ಕೈ ಎತ್ತಿದ್ರ ಗಾಡಿ ನಿಲ್ತಾವ" ಎಂದು ಹೇಳಿಕೊಂಡು ಬಂದಳು. ನಿಜಸಂಗತಿ ಬೇರೆ. ನನ್ನ ಸ್ಟೇಷನ್ನಿನಲ್ಲಿ ನಿಲ್ಲುವುದು ಒಂದೋ ಎರಡೋ ಗಾಡಿ. ಉಳಿದವು ನನ್ನನ್ನು ಕ್ಯಾರೇ ಅನ್ನದೆ ಹೋಗುತ್ತವೆ. ಹಾಗೆ ಹೋಗುವವಕ್ಕೆ ಹಸಿರು ಬಾವುಟ ಹಿಡಿದು ಮರ್ಯಾದೆ ಮಾಡಿ ಕಳಿಸುವುದೇ ನನ್ನ ಅಧಿಕಾರ.

ಚಟದ ಮಾತಿಗೆ ಬರುತ್ತೇನೆ. ಪಕ್ಕದ ಸ್ಟೇಷನ್ನಿನವನು ಫೋನಿನಲ್ಲಿ ಗಾಡಿಯ ವಿಷಯ ಹೇಳಿದರೆ, ಅದನ್ನು ಅಕ್ಷರ ಬಿಡದೆ ಅವನಿಗೇ ತಿರುಗಿ ಹೇಳಬೇಕು. ಅವನು "ಸರಿ" ಎಂದ ಮೇಲೆಯೇ ಆ ಮಾತು ಮುಟ್ಟಿದಂತೆ. ತರಬೇತಿಯಲ್ಲಿ ಇದನ್ನು ಎಷ್ಟು ತಿಕ್ಕಿದರೆಂದರೆ, ಅವ್ವ ಫೋನ್ ಮಾಡಿ "ಊಟ ಆತೇನಪ" ಎಂದರೆ "ಊಟ ಆತೇನು ಅಂದಿ, ಸರಿ ಅದ ಏನು?" ಎಂದು ಕೇಳಿದ ಮೇಲೆಯೇ ನನಗೆ ಹಸಿವಿನ ನೆನಪಾಗುತ್ತಿತ್ತು. ಅವ್ವ ಹೊಂದಿಕೊಂಡಳು. ಹೆತ್ತವಳಲ್ಲವೇ, ಬೇರೆ ದಾರಿ ಇರಲಿಲ್ಲ.

ಸೋದರಮಾವ ಬಸಣ್ಣ ಕೆಂಭಾವಿಯಲ್ಲಿ ಒಂದು ಸಂಬಂಧ ಹುಡುಕಿದ. ಹತ್ತಿ ವ್ಯಾಪಾರಿ ಚನ್ನಬಸಪ್ಪ ಸಾಹುಕಾರರ ಮಗಳು ಗಿರಿಜಾ. ಹೆಣ್ಣು ನೋಡಲು ಹೋದಾಗ ಅವಲಕ್ಕಿ ತಟ್ಟೆ ಇಟ್ಟವಳು ಒಳಗೆ ಹೋಗದೆ ಅಲ್ಲಿಯೇ ನಿಂತು, "ಅಷ್ಟು ಗಾಡಿ ಹೋಗ್ತಾವ, ಒಮ್ಮೆರ ಹತ್ತಿ ಹೋಗಿಬಿಡಬೇಕು ಅನಸಂಗಿಲ್ಲೇನ್ರಿ?" ಎಂದು ಕೇಳಿದಳು. ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ಕೇಳದ ಪ್ರಶ್ನೆ. ಅವಳು ನನಗೆ ಬಹಳ ಹಿಡಿಸಿಬಿಟ್ಟಳು. ಮದುವೆಯಾದರೆ ಇವಳನ್ನೇ ಆಗಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾವನ ತಲೆ ತಿಂದೆ.

ಎರಡು ದಿನ ಬಿಟ್ಟು ಸಾಹುಕಾರರೇ ಫೋನ್ ಮಾಡಿದರು. ನಾನು ಡ್ಯೂಟಿಯ ಮೇಲಿದ್ದೆ.

"ನಮ್ಮ ಹುಡಗಿಗಿ ನೀವು ಪಸಂದ್ ಆಗೀರಿ."

"ನಿಮ್ಮ ಹುಡಗಿಗಿ ನಾನು ಪಸಂದ್ ಆಗೀನಿ. ಸರಿ ಅದ ಏನ್ರಿ?"

"ಅದನ್ನೇ ಹೇಳಿದ್ನಲ್ರಿ. ಸೋಮವಾರ ಹಿರ್ಯಾರನ್ನ ಕರ್ಕೊಂಡು ಮಾತಿಗೆ ಬರ್ರಿ."

"ಸೋಮವಾರ ಹಿರ್ಯಾರನ್ನ ಕರ್ಕೊಂಡು ಮಾತಿಗೆ ಬರಬೇಕು. ಸರಿ ಅದ ಏನ್ರಿ?"

ಸಾಹುಕಾರರ ದನಿ ಏರಿತು. "ಏನ್ ಮಾಸ್ತರ್ರ, ನನಗ ಚಾಷ್ಟಿ ಮಾಡಾಕತ್ತೀರೇನು?"

"ನಿಮಗ ಚಾಷ್ಟಿ ಮಾಡಾಕತ್ತೀನೇನು ಅಂದ್ರಿ. ಸರಿ ಅದ ಏನ್ರಿ?"

ಫೋನ್ ಕಟ್ಟಾಯಿತು.

ಸಂಜೆಗೆ ಬಸಣ್ಣಮಾವ ಸುದ್ದಿ ತಂದ. ಸಾಹುಕಾರರ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಹುಡುಗ ದೊಡ್ಡವರನ್ನು ಅಣಕಿಸುವ ಸೊಕ್ಕಿನವನು ಎಂದು ಸಾಹುಕಾರರು, ಪಾಪ, ಗಾಡಿಗಳ ಸದ್ದಿಗೆ ಅವನ ಕಿವಿ ಹೋಗಿವೆ ಎಂದು ಅವರ ಹೆಂಡತಿ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಗಿರಿಜಾ ನನಗೆ ಸಿಗುವಂತಿರಲಿಲ್ಲ. ಅವ್ವ ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತಳು. ನನಗೆ ಎರಡು ದಿನ ಅನ್ನ ರುಚಿಸಲಿಲ್ಲ.

ಕೊನೆಗೆ ಮಾವನೇ ಸಾಹುಕಾರರನ್ನು ಕಾಡಿಬೇಡಿ ನನ್ನ ಸ್ಟೇಷನ್ನಿಗೆ ಕರೆತಂದ. ಅವರು ಬೆಂಚಿನ ಮೇಲೆ ಕೂತು ಕಿಟಕಿಯಿಂದ ಒಳಗೆ ನೋಡುತ್ತಿದ್ದರು. ಪಕ್ಕದ ಸ್ಟೇಷನ್ನಿನವನು ಹೇಳಿದ, ನಾನು ತಿರುಗಿ ಹೇಳಿದೆ. ನಾನು ಹೇಳಿದೆ, ಅವನು ತಿರುಗಿ ಹೇಳಿದ. ಫೋನಿನೊಳಗಿನ ಅವನ ದನಿ ಬೆಂಚಿನ ತನಕ ಕೇಳಿಸುತ್ತಿತ್ತು.

"ಆ ಕಡಿಯಂವನ ಕಿವಿನೂ ಹೋಗ್ಯಾವೇನು?" ಎಂದು ಸಾಹುಕಾರರು ಮಾವನನ್ನು ಕೇಳಿದರು.

ನಾನು ಹೊರಗೆ ಬಂದು, ಒಂದು ಮಾತು ತಪ್ಪಿ ಕೇಳಿದರೂ ಎರಡು ಗಾಡಿ ಒಂದೇ ಹಳಿಯ ಮೇಲೆ ಬಂದಾವು ಎಂದು ತಿಳಿಸಿ ಹೇಳಿದೆ. ಅಷ್ಟರಲ್ಲಿ ಎಕ್ಸ್‌ಪ್ರೆಸ್ ಗಾಡಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಸಾಹುಕಾರರು ಅದು ಮರೆಯಾಗುವ ತನಕ ನೋಡಿ, ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ನನ್ನ ಮಗಳು ಭಾಳ ಸಿಟ್ಟಿನಾಕಿ ಅದಾಳ. ಸಿಟ್ಟು ಬಂತಂದ್ರ ಒಲಿ ಹಚ್ಚಂಗಿಲ್ಲ."

"ನಿಮ್ಮ ಮಗಳು ಭಾಳ ಸಿಟ್ಟಿನಾಕಿ ಅದಾಳ. ಸಿಟ್ಟು ಬಂತಂದ್ರ ಒಲಿ ಹಚ್ಚಂಗಿಲ್ಲ. ಸರಿ ಅದ ಏನ್ರಿ?"

"ಸರಿ ಅದ," ಎಂದು ಅವರು ಮೊದಲ ಬಾರಿಗೆ ನಕ್ಕರು. "ಬಸಣ್ಣಾರ, ನೀವೂ ಕೇಳೀರಿ. ಸೋಮವಾರ ಬಂದುಬಿಡ್ರಿ."

ಮದುವೆಯಾಯಿತು. ಸಾಹುಕಾರರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಿನ್ನೆ ಮತ್ತೆ ಜಗಳವಾಗಿ, ಒಲೆ ಹೊತ್ತಲಿಲ್ಲ. ಬಿಸ್ಕತ್ತು ತಿಂದು ಡ್ಯೂಟಿಗೆ ಬಂದವನು ತಡೆಯಲಾರದೆ ಕೆಂಭಾವಿಗೆ ಫೋನ್ ಮಾಡಿ, ಎಲ್ಲವನ್ನೂ ಸಾಹುಕಾರ ಮಾವನವರ ಮುಂದೆ ತೋಡಿಕೊಂಡೆ. ಅವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು.

"ಗಿರಿಜಾ ಸಿಟ್ಟಾಗ್ಯಾಳ. ಒಲಿ ಹಚ್ಚಿಲ್ಲ. ನೀವು ಉಪವಾಸ ಅದೀರಿ. ಸರಿ ಅದ ಏನ್ರಿ, ಅಳಿಯಂದ್ರ?"

"ಸರಿ ಅದ್ರಿ," ಎಂದೆ.

ಮಾತು ಮುಟ್ಟಿತ್ತು. ಅವರು ನಿಯಮದ ಪ್ರಕಾರ ಫೋನ್ ಇಟ್ಟರು.