ಗದ್ದೆ ಸಮ, ಗದ್ದ ಸೊಟ್ಟ

ಬೇರೆಯವರ ಓರೆಕೋರೆ ತಿದ್ದಿ ಸಂಬಳ ತೆಗೆದುಕೊಳ್ಳುವವನು ಕನ್ನಡಿಯಿಂದ ಸ್ವಲ್ಪ ದೂರ ಇರುವುದು ಲೇಸು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ರೈತರಿಗೆ ಗದ್ದೆ ಸಮ ಮಾಡುವುದನ್ನು ಹೇಳಿಕೊಡುವುದು ನನ್ನ ಕೆಲಸ. ಒಂದಂಗುಲ ಏರುಪೇರಾದರೂ ನೀರೆಲ್ಲ ಒಂದೇ ಮೂಲೆಗೆ ನಿಲ್ಲುತ್ತದೆ ಎಂದು ಹದಿನೆಂಟು ವರ್ಷದಿಂದ ಅರಚಿಕೊಂಡು ಬಂದಿದ್ದೇನೆ. ಮೊನ್ನೆ ಹೊಳಲು ಎಂಬ ಹಳ್ಳಿಯಲ್ಲಿ ವಯಸ್ಸಾದ ರೈತನೊಬ್ಬ ನನ್ನ ಪಾಠವನ್ನೆಲ್ಲ ಕೇಳಿ, ಬಾಯಲ್ಲಿದ್ದ ಎಲೆಅಡಿಕೆ ಉಗಿದು, "ಸಾ, ನೀವು ಯೋಳ್ದಂಗೇ ಗದ್ದೆ ಸಮ ಮಾಡ್ಸಿವ್ನಿ. ನಿಮ್ಮ ಗದ್ದ ಯಾವಾಗ ಸಮ ಮಾಡುಸ್ತೀರಿ?" ಎಂದ. ಬದುವಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕರೆ ಇನ್ನೂ ಸೊಟ್ಟಗೆ ಕಾಣುತ್ತದೆಂದು ಮನೆಗೆ ಬಂದು ಕನ್ನಡಿ ನೋಡಿದ ಮೇಲೆ ಗೊತ್ತಾಯಿತು. ಗದ್ದ ಎಡಕ್ಕೆ ಹೊರಟಿದೆ, ಮೂಗು ನಾನು ಬರುವುದಿಲ್ಲವೆಂದು ನಿಂತಿದೆ. ಹೆಂಡತಿಯನ್ನು ಕೇಳಿದರೆ, "ಮದುವೆ ಫೋಟೋದಲ್ಲೇ ನೋಡಿದ್ದೆ, ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ" ಎಂದಳು.

ಮಂಡ್ಯದ ದವಡೆ ಡಾಕ್ಟರಮ್ಮ ಎಕ್ಸ್‌ರೇ ನೋಡಿದರು. ಕೆಲವರಿಗೆ ಇದು ವಂಶದಿಂದ ಬರುತ್ತದೆ, ಕೆಲವರಿಗೆ ದವಡೆಯ ಒಂದು ಬದಿ ಹೆಚ್ಚು ಬೆಳೆದಿರುತ್ತದೆ, ಕೆಲವರಿಗೆ ಚಿಕ್ಕಂದಿನಲ್ಲಿ ಪೆಟ್ಟು ಬಿದ್ದಿರುತ್ತದೆ. ನಿಮಗೆ ಅಗಿಯಲು ತೊಂದರೆಯಿಲ್ಲ, ಹಾಗೇ ಬಿಟ್ಟರೂ ನಷ್ಟವಿಲ್ಲ, ಬೇಕೇ ಬೇಕೆಂದರೆ ಗದ್ದದ ಮೂಳೆ ಕುಯ್ದು, ಪಕ್ಕಕ್ಕೆ ಸರಿಸಿ ತಿರುಪು ಹಾಕಬಹುದು ಎಂದರು. ಬದುವಿನ ಮೇಲಿನ ನಗು ಕಿವಿಯಲ್ಲೇ ಇತ್ತು. ಸೋಮವಾರಕ್ಕೆ ಒಪ್ಪಿಕೊಂಡೆ.

ಆದರೆ ಬೆಸಗರಹಳ್ಳಿಯಲ್ಲಿರುವ ಅವ್ವನಿಗೆ ಹೇಳದೆ ಮೈಮೇಲೆ ಕತ್ತಿ ಆಡಿಸಿಕೊಳ್ಳುವ ಧೈರ್ಯ ನಲವತ್ತಾರರಲ್ಲೂ ನನಗಿಲ್ಲ. ಫೋನ್ ಮಾಡಿದೆ.

"ಅವ್ವಾ, ಸೋಮಾರ ಗದ್ದ ಕುಯ್ಸ್ಬೇಕು ಅಂತಿವ್ನಿ."

"ಈಗ್ಲೇ ಯಾಕ್ಲಾ? ತೆನೆ ಇನ್ನೂ ಆಲು ಕಟ್ಟಿಲ್ಲ. ಜಳ್ಳು ತಂದು ಏನ್ ಮಾಡೀಯೆ?"

"ಬತ್ತದ್ ಗದ್ದೆ ಅಲ್ಲ ಕಣವ್ವ, ಮುಖದ್ ಗದ್ದ! ಸೊಟ್ಟಗದೆ."

ಅಪ್ಪ ತೀರಿಕೊಂಡು ಆರು ವರ್ಷ.

"ನಿಮ್ಮಪ್ಪಂದೂ ಅಂಗೇ ಇತ್ತು ಕಣ್ಲಾ. ನೀನು ಉಣ್ಣಕ್ಕೆ ಕುಂತಾಗ ಆ ಗದ್ದ ಆಡೋದ್ನೇ ನೋಡ್ತೀನಿ. ಅವ್ರೇ ಉಣ್ತಾ ಕುಂತಂಗಾಯ್ತದೆ. ಓಗ್ಲಿ ಬುಡು, ನಿನ್ನಿಷ್ಟ" ಎಂದು ಫೋನಿಟ್ಟಳು.

ಕನ್ನಡಿಯ ಮುಂದೆ ನಿಂತು ಬರಿಬಾಯಲ್ಲಿ ಅಗಿದು ನೋಡಿದೆ. ಸುಳ್ಳೇಕೆ, ಸ್ವಲ್ಪ ಅವಮಾನವೂ ಆಯಿತು. ಊಟಕ್ಕೆ ಕೂತಾಗ ಅವ್ವ ಎವೆಯಿಕ್ಕದೆ ನೋಡುವುದು ನನ್ನನ್ನೇ ಎಂದು ತಮ್ಮನ ಮುಂದೆ ಎಷ್ಟು ಸಲ ಬೀಗಿದ್ದೆ! ಮರುದಿನ ಡಾಕ್ಟರಮ್ಮನಿಗೆ ಫೋನ್ ಮಾಡಿ, ಸೋಮವಾರ ಬರುವುದಿಲ್ಲ ಎಂದೆ.

"ಯಾಕೆ, ಹೆದರಿಕೆಯಾ?" ಎಂದರು.

"ಇಲ್ಲ ಮೇಡಂ, ಗದ್ದದ ಪಹಣಿ ಅವ್ವನ ಹೆಸರಲ್ಲಿದೆ" ಎಂದೆ.