ಹೆಚ್ಚಾದ ಒಂದು ‘ಹ’

ಮಳವಳ್ಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಶಿವರಾಮು ಒಂದು ಮಧ್ಯಾಹ್ನ ಬ್ಯೂರೆಟ್ಟು ತೊಳೆಯುತ್ತಾ ಘೋರ ಪ್ರತಿಜ್ಞೆ ಮಾಡಿದ. ಇನ್ನು ಮೇಲೆ ಯಾವ ಪುಸ್ತಕವನ್ನೂ ಮುಲಾಜಿಗೆ ಬಿದ್ದು ಹೊಗಳುವುದಿಲ್ಲ! ಬರೆದವರು ಯಾರೇ ಇರಲಿ, ಮುನ್ನುಡಿ ಕೊಟ್ಟವರು ಯಾರೇ ಇರಲಿ, ಬಿಡುಗಡೆಯ ದಿನ ಒಬ್ಬಟ್ಟಿನ ಊಟವೇ ಇರಲಿ, ತನ್ನ ಬಾಯಿಂದ ಬರುವುದು ಪ್ರಯೋಗಾಲಯದ ಫಲಿತಾಂಶದಂಥ ಶುದ್ಧ ಸತ್ಯ!

ಪ್ರತಿಜ್ಞೆ ಆ ತಿಂಗಳೇ ಓದುಗರ ಬಳಗದಲ್ಲಿ ಜಾರಿಗೆ ಬಂತು. ಬಳಗವೆಂದರೆ ತಿಂಗಳಿಗೊಮ್ಮೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಮಹಡಿಯಲ್ಲಿ ಸೇರಿ, ಓದಿದ ಪುಸ್ತಕದ ಬಗ್ಗೆ ಮಾತಾಡಿ, ಓದದ ಪುಸ್ತಕದ ಬಗ್ಗೆ ಇನ್ನೂ ಹೆಚ್ಚು ಮಾತಾಡಿ, ಕಾಫಿ ಕುಡಿದು ಏಳುವ ಗುಂಪು. ಹೊಸ ಪ್ರೇಮ ಕಾದಂಬರಿಯೊಂದನ್ನು ಎತ್ತಿ ಹಿಡಿದು ಶಿವರಾಮು, “ನಾಯಕಿ ಅತ್ತಾಗಲೆಲ್ಲ ಇದರಲ್ಲಿ ಮಳೆ ಬರುತ್ತೆ. ಇಂಥ ನಾಯಕಿಯರು ಇಬ್ಬರು ಸಿಕ್ಕಿದರೆ ಕನ್ನಂಬಾಡಿ ಕಟ್ಟೆ ತುಂಬೋ ಚಿಂತೆಯೇ ಇಲ್ಲ” ಎಂದ. ನಿವೃತ್ತ ಅಧಿಕಾರಿಯೊಬ್ಬರ ಆತ್ಮಕಥೆಯ ಬಗ್ಗೆ, “ಲೇಖಕರು ಇಡೀ ಜೀವಮಾನದಲ್ಲಿ ಒಂದೇ ಒಂದು ತಪ್ಪೂ ಮಾಡಿಲ್ಲ. ಲೈಬ್ರರಿಯವರು ದಯವಿಟ್ಟು ಇದನ್ನು ಕಾದಂಬರಿಗಳ ಸಾಲಿನಲ್ಲಿಡಬೇಕು” ಎಂದ. ಪತ್ತೇದಾರಿ ಕಥೆಯೊಂದಕ್ಕೆ, “ಕೊಲೆಗಾರ ಯಾರು ಅಂತ ನನಗೆ ಮೊದಲನೇ ಅಧ್ಯಾಯದಲ್ಲೇ ಗೊತ್ತಾಯ್ತು. ಪತ್ತೇದಾರನಿಗೆ ಕೊನೇ ಅಧ್ಯಾಯದಲ್ಲಿ ಗೊತ್ತಾಯ್ತು. ಸಂಬಳ ಮಾತ್ರ ಅವನಿಗೆ!” ಎಂದ.

ಹಾಗಂತ ಬರೀ ಬೈಯುವ ಆಸಾಮಿಯಲ್ಲ. ಊರೂರು ಸುತ್ತಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮುದುಕರೊಬ್ಬರ ನೆನಪಿನ ಪುಸ್ತಕ ಓದಿದಾಗ, “ಇದರ ಬಗ್ಗೆ ನಾನೇನೂ ಹೇಳಲ್ಲ. ನೀವೇ ಓದಿ” ಎಂದಷ್ಟೇ ಹೇಳಿ ಕೂತಿದ್ದ. ಅವನ ಲೆಕ್ಕದಲ್ಲಿ ಅದು ಚಿನ್ನದ ಪದಕ.

ಇಂಥ ಸತ್ಯಸಂಧನಲ್ಲಿ ಒಂದೇ ಒಂದು ದೋಷವಿತ್ತು. ಅದರ ಹೆಸರು ‘ಹ’.

ಅವನು ಹುಟ್ಟಿ ಬೆಳೆದ ಹಳ್ಳಿಯಲ್ಲಿ ‘ಹ’ ಎಂಬುದು ಕಾಗುಣಿತದ ಪಟ್ಟಿಯಲ್ಲಿ ಮಾತ್ರ ಕಾಣಸಿಗುವ ಅಕ್ಷರ. ಹಸು ಅಲ್ಲಿ ಅಸ, ಹಾಲು ಆಲು, ಹಳ್ಳಿಯೇ ಅಳ್ಳಿ. ಎಂ.ಎಸ್ಸಿ. ಓದಲು ಮೈಸೂರಿಗೆ ಹೋದವನು ಮೊದಲ ಸೆಮಿನಾರಿನಲ್ಲಿ “ಐಡ್ರೋಜನ್” ಎಂದ. ತರಗತಿ ಬಿದ್ದು ಬಿದ್ದು ನಕ್ಕಿತು. ಶಿವರಾಮು ಹಟ ಹಿಡಿದು, ಕನ್ನಡಿಯ ಮುಂದೆ ನಿಂತು ‘ಹ’ಕಾರದ ತಪಸ್ಸು ಮಾಡಿದ. ‘ಹ’ ಒಲಿಯಿತು. ಒಲಿದದ್ದು ಎಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ ಕಲಿಯಲಿಲ್ಲ! ಮೈಕು ಕಂಡರೆ, ಎದೆ ಹೊಡೆದುಕೊಂಡರೆ, ಸ್ವರದಿಂದ ಶುರುವಾಗುವ ಪದಗಳಲ್ಲಿ ಮುಖ್ಯವಾದುದರ ತಲೆಯ ಮೇಲೆಯೇ ಒಂದು ‘ಹ’ ಬಂದು ಕೂರುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಬೋರ್ಡಿನ ಮುಂದೆ ನಿಂತು, “ಮಕ್ಕಳೇ, ಇವತ್ತಿನ ಪಾಠ ಹಾಮ್ಲಗಳು” ಎಂದಿದ್ದ. ಅವತ್ತಿನಿಂದ ಅವನು ಹಾಮ್ಲ ಮೇಷ್ಟ್ರು.

“ಬೇಜಾರ್ ಮಾಡ್ಕೋಬೇಡ ಗುರುವೇ,” ಎಂದು ಸಮಾಧಾನ ಹೇಳಿದ್ದ ಅದೇ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ಬಳಗದ ಕಾರ್ಯದರ್ಶಿ ರವಿಚಂದ್ರ. “ಹೆಚ್ ಹೆಚ್ಚಾದ್ರೆ ತಾನೇ ಆಮ್ಲ ಆಗೋದು!”

ಹೀಗಿರುವಾಗ ನಿಡಘಟ್ಟದಿಂದ ಒಂದು ಪುಸ್ತಕ ಬಂತು. ಹೆಸರು ‘ಬಾಲದ ಹಿಂದೆ ಮೂವತ್ತು ವರ್ಷ’. ಬರೆದವರು ದನದ ಆಸ್ಪತ್ರೆಯಲ್ಲಿ ಕಂಪೌಂಡರಾಗಿದ್ದು ನಿವೃತ್ತರಾದ ಕರಿಯಯ್ಯ. ಈ ಕರಿಯಯ್ಯ ಶಿವರಾಮುವಿಗೆ ಮೊದಲು ಸೋದರಮಾವ, ಆಮೇಲೆ ಹೆಣ್ಣು ಕೊಟ್ಟ ಮಾವ. ಅಂದರೆ ಎರಡು ಕಡೆಯಿಂದಲೂ ಬೈಯುವ ಹಕ್ಕಿದ್ದವರು. ಮದ್ದೂರಿನಲ್ಲಿ ಪುಸ್ತಕ ಬಿಡುಗಡೆ. ಪುಸ್ತಕದ ಬಗ್ಗೆ ಮಾತಾಡುವವನು ಅಳಿಯ.

“ಬಾವ,” ಎಂದಳು ಹೆಂಡತಿ ಶೋಭಿತಾ, ಮದುವೆಗೆ ಮುಂಚಿನ ಸಲುಗೆಯ ಹೆಸರಿನಿಂದಲೇ. “ನಿಮ್ಮ ಶುದ್ಧ ಸತ್ಯಕ್ಕೆ ಆವತ್ತೊಂದಿನ ರಜಾ ಕೊಡಿ.”

“ಓದದೆ ಹೇಗೆ ಹೇಳಲಿ?”

“ಓದಿ. ಓದ್ಬಿಟ್ಟು ಚೆನ್ನಾಗಿದೆ ಅನ್ನಿ. ನಿಮ್ಮ ಬಾಯಿಂದ ಒಂದು ಮಾತು ಬರಲಿ ಅಂತ ಅಪ್ಪ ಎಷ್ಟು ಆಸೆ ಇಟ್ಕೊಂಡವ್ರೆ ಗೊತ್ತಾ? ‘ನಮ್ಮ ಸಿವ್ರಾಮು ಸುಮ್ನೆ ಒಗಳೋನಲ್ಲ, ಅವ್ನು ಒಗಳುದ್ರೆ ಅದೇ ನಂಗೆ ಪ್ರಸಸ್ತಿ’ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಾವ್ರೆ. ಅಪ್ಪನ ಮುಖ ಸಪ್ಪಗಾಯ್ತೋ, ನಿಮ್ಮ ಊಟವೂ ಸಪ್ಪಗಾಗುತ್ತೆ. ಅಷ್ಟೇ!”

ಶಿವರಾಮು ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಪುಸ್ತಕ ಬಿಡಿಸಿದ. ಮೊದಲ ಅಧ್ಯಾಯ ನೋಡಿ ಎದೆ ಝಲ್ಲೆಂದಿತು. “ಅರುಣೋದಯದ ಹೊಂಬಣ್ಣದ ಸುಪ್ರಭಾತದಲ್ಲಿ ಈ ಪಾಮರನು ಧರೆಗವತರಿಸಿದನು” ಎಂದಿತ್ತು. ಜೀವಮಾನವೆಲ್ಲ “ಲೇ, ಬಾಲ ಇಡ್ಕಳ್ಲಾ” ಎಂದು ಕೂಗಿದ ಮನುಷ್ಯ ಧರೆಗೆ ಅವತರಿಸುವುದೆಂದರೇನು! ಎರಡನೇ ಅಧ್ಯಾಯದಲ್ಲಿ ಅವತಾರ ಮುಗಿಯಿತು. ಕೆಚ್ಚಲು ಬಾವು ಬಂದ ಎಮ್ಮೆ, ಚುಚ್ಚುಮದ್ದು ಕಂಡೊಡನೆ ಓಡಿ ಪಂಚಾಯ್ತಿ ಕಚೇರಿ ಹೊಕ್ಕ ಹೋರಿ, ಮಾವನ ಮನೆಯದೇ ಆದ ಗೌರಿ ಎಂಬ ಹಸು, ಒಬ್ಬೊಬ್ಬರಾಗಿ ಬಂದರು. ಶಿವರಾಮು ಇಳಿಯಬೇಕಾದ ಸ್ಟಾಪು ಯಾವಾಗಲೋ ದಾಟಿಹೋಗಿತ್ತು.

“ಪುಸ್ತಕ ನಿಜವಾಗ್ಲೂ ಚೆನ್ನಾಗಿದೆ ಕಣೇ!” ಎಂದು ಮನೆಗೆ ಬಂದು ಘೋಷಿಸಿದ. “ಮೊದಲನೇ ಅಧ್ಯಾಯ ಮಾತ್ರ ಬಲು ಕೆಟ್ಟದಾಗಿದೆ. ಮಾವ ಅದನ್ನ ತಮ್ಮ ಮಾತಲ್ಲಿ ಬರೆದಿಲ್ಲ. ಅದನ್ನ ಆಗ್ಲೇ ಫೋನಲ್ಲಿ ಮಾವನಿಗೆ ಹೇಳಿದೆ.”

“ಹೇಳ್ಬಿಟ್ರಾ! ಅಪ್ಪ ಏನಂದ್ರು?”

“‘ಊ’ ಅಂದ್ರು.”

“ಅದು ಬೇಜಾರಿನ ‘ಊ’. ಸಭೇಲಾದ್ರೂ ಬಾಯಿ ತುಂಬಾ ಹೊಗಳಿ.”

ಶಿವರಾಮುವಿಗೆ ಇದಕ್ಕಿಂತ ಸುಖ ಬೇರೆ ಇರಲಿಲ್ಲ. ಸತ್ಯ ಮತ್ತು ಸಂಸಾರ ಒಂದೇ ತಕ್ಕಡಿಯ ಒಂದೇ ತಟ್ಟೆಯಲ್ಲಿ ಕೂರುವ ಯೋಗ ಎಷ್ಟು ಜನರಿಗೆ ಬರುತ್ತದೆ? ಭಾಷಣವನ್ನು ಬರೆದು, ತಿದ್ದಿ, ಬಾಯಿಪಾಠ ಮಾಡಿಕೊಂಡ. ನಾನು ಅಳಿಯನಾಗಿ ಮಾತಾಡುತ್ತಿಲ್ಲ; ಇದು ಆಳವಾದ ಪುಸ್ತಕ; ಒಂದೊಂದು ಮಾತನ್ನೂ ಅಳೆದು ತೂಗಿ ಬರೆದಿದ್ದಾರೆ; ಇದು ಬಹುಕಾಲ ಉಳಿಯುತ್ತದೆ. ನಾಲ್ಕೇ ಮಾತು. ನಾಲ್ಕೂ ಸ್ವರದಿಂದ ಶುರುವಾಗುವ ಪದಗಳ ಮೇಲೆ ನಿಂತಿವೆ ಎಂಬುದು ಆ ವಿಜ್ಞಾನಿಯ ಗಮನಕ್ಕೆ ಬರಲೇ ಇಲ್ಲ!

ಮದ್ದೂರಿನ ಸಮುದಾಯ ಭವನ ತುಂಬಿತ್ತು. ನಿಡಘಟ್ಟದ ಅರ್ಧ ಊರು ಬಂದಿತ್ತು. ಕರಿಯಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೊರಳ ಹಾರದ ಭಾರಕ್ಕೆ ಮುಂದೆ ಬಾಗಿ, ಅಳಿಯನನ್ನೇ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಅತ್ತೆ ಸೋಮಮ್ಮ, ಪಕ್ಕದಲ್ಲಿ ಶೋಭಿತಾ. ಎದುರಿಗೆ ರವಿಚಂದ್ರ ಮೊಬೈಲು ಹಿಡಿದು ವಿಡಿಯೋ ಮಾಡುತ್ತಾ ನಿಂತಿದ್ದ. ಶಿವರಾಮು ಎದ್ದ. ಮೈಕು ‘ಕುಂಯ್’ ಎಂದಿತು. ಎದೆಯೂ ಅದನ್ನೇ ಹೇಳಿತು.

“ಬಂಧುಗಳೇ, ನಾನಿಲ್ಲಿ ಹಳಿಯನಾಗಿ ಮಾತಾಡುತ್ತಿಲ್ಲ.”

“ಅಳಿಯಕ್ಕೆ ಬಂದಿಲ್ವಂತೆ, ಒಳ್ಳೇದಾಯ್ತು ಬುಡು,” ಎಂದು ಸಾಲಿನಲ್ಲಿ ಯಾರೋ ಸಮಾಧಾನಪಟ್ಟರು.

“ಇದು ಬಹಳ ಹಾಳವಾದ ಪುಸ್ತಕ!”

ಹಿಂದಿನ ಸಾಲಿನಲ್ಲಿ ವಡೆ ಮುರಿಯುತ್ತಿದ್ದವರ ಕೈ ಅಲ್ಲೇ ನಿಂತಿತು. ಏನೋ ಎಡವಟ್ಟಾಗಿದೆ ಎಂದು ಶಿವರಾಮುವಿಗೆ ಹೊಳೆಯಿತು. ಬಹುಶಃ ಸರಿಯಾಗಿ ಕೇಳಿಸಿಲ್ಲ ಎಂದುಕೊಂಡು ದನಿ ಏರಿಸಿದ. “ಹೌದು! ಇಷ್ಟೊಂದು ಹಾಳವಾದ ಪುಸ್ತಕ ನಾನು ಹಿತ್ತೀಚೆಗೆ ಕಂಡೇ ಇಲ್ಲ!”

ಶೋಭಿತಾ ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ಮೈಕಿಗೆ ಬಾಯಿ ಇನ್ನೂ ಹತ್ತಿರ ತಾ ಎನ್ನುತ್ತಿದ್ದಾಳೆ ಎಂದು ತಿಳಿದು ಅವನು ಮೈಕನ್ನು ಕಚ್ಚುವಷ್ಟು ಹತ್ತಿರ ಹೋದ.

“ಒಂದೊಂದು ಮಾತನ್ನೂ ಹಳೇದು, ತೂಗಿ...”

“ಅಳೇದು ತೂಗೋನು ಸೋಮವಾರ ಬತ್ತಾನೆ ಸಾ!” ಎಂದು ಹಿಂದಿನಿಂದ ಒಂದು ದನಿ ಬಂತು. “ಪೇಪರ್ ಜೊತೇಲೇ ಆಕ್ಬುಡವಾ!”

ಸಭೆ ಹೋ ಎಂದಿತು. ಶಿವರಾಮು ಬೆವರಿದ. ಕೊನೆಯ ಮಾತಿನಲ್ಲಾದರೂ ಮಾನ ಉಳಿಸಿಕೊಳ್ಳೋಣವೆಂದು ಇದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದ:

“ಇದು ಬಹುಕಾಲ ಹುಳಿಯುತ್ತದೆ!”

ಕರಿಯಯ್ಯ ನಿಧಾನವಾಗಿ ಕೊರಳ ಹಾರ ತೆಗೆದು ಮೇಜಿನ ಮೇಲಿಟ್ಟರು. ಊಟಕ್ಕೆ ನಿಲ್ಲಲಿಲ್ಲ. ಸೋಮಮ್ಮ ಅಳಿಯನ ಮುಂದೆ ಹಾದುಹೋಗುವಾಗ, “ಚಂದಾಗಿಲ್ದಿದ್ರೆ ಮನೇಲೇ ಏಳ್‌ಬೋದಿತ್ತಲ್ಲಪ್ಪಾ” ಎಂದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

“ಬಾವ, ಹೇಳೋದು ಇನ್ನೇನಾದ್ರೂ ಉಳಿದಿದ್ಯಾ?” ಎಂದು ಶೋಭಿತಾ ಹಲ್ಲು ಕಚ್ಚಿ ಕೇಳಿದಳು.

“ಹುಳಿದಿರೋದು ಏನೂ ಇಲ್ಲ,” ಎಂದ ಶಿವರಾಮು.

ಮರುದಿನದಿಂದ ಮನೆಯಲ್ಲಿ ಹಾಮ್ಲಯುಗ ಶುರುವಾಯಿತು. “ಹನ್ನ ಹಾಕ್ಲಾ? ಹುಪ್ಪಿನಕಾಯಿ ಬೇಕಾ? ಹಿಡ್ಲಿ ಇನ್ನೊಂದು?” ಎಂದು ಶೋಭಿತಾ ಬಡಿಸುತ್ತಿದ್ದಳು. ಬಡಿಸಿದ್ದೆಲ್ಲ ಸಪ್ಪೆ. ನಿಡಘಟ್ಟಕ್ಕೆ ಫೋನ್ ಮಾಡಿದರೆ ಮಾವ ಎತ್ತುತ್ತಿರಲಿಲ್ಲ. ಇತ್ತ ರವಿಚಂದ್ರನ ವಿಡಿಯೋ, “ಮಾವನ ಪುಸ್ತಕ ಹಾಳಾದ್ದು ಎಂದ ಅಳಿಯ!” ಎಂಬ ತಲೆಬರಹ ಹೊತ್ತು ಮೊಬೈಲಿಂದ ಮೊಬೈಲಿಗೆ ಹಾರಿ ಮಂಡ್ಯ ಮುಟ್ಟಿತ್ತು.

“ಅಳಿಸಿಹಾಕೋ ಮಾರಾಯ!” ಎಂದು ಶಿವರಾಮು ಅಂಗಲಾಚಿದ.

“ಇನ್ನು ನನ್ನ ಕೈಲಿಲ್ಲ ಗುರುವೇ. ಬೆಳಕಿನ ವೇಗದಲ್ಲಿ ಹೋಗ್ಬಿಟ್ಟದೆ.”

ಭಾನುವಾರ ಶಿವರಾಮು ಒಬ್ಬನೇ ನಿಡಘಟ್ಟದ ದಾರಿ ಹಿಡಿದ. ಈ ಬಾರಿ ಅಪಾಯವೇ ಬೇಡವೆಂದು, ಸ್ವರದಿಂದ ಶುರುವಾಗುವ ಪದಗಳನ್ನೆಲ್ಲ ಕಿತ್ತುಹಾಕಿ ಒಂದು ಕ್ಷಮಾಪಣೆ ಸಿದ್ಧಪಡಿಸತೊಡಗಿದ. ಕಿತ್ತ ಮೇಲೆ ‘ಅಳಿಯ’ ಹೋದ, ‘ಅತ್ತೆ’ ಹೋದರು, ‘ಊಟ’ ಹೋಯಿತು. ಮದ್ದೂರಿನಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಕೈಯಲ್ಲಿ ಉಳಿದದ್ದು ‘ಮಾವ’ ಎಂಬ ಒಂದೇ ಪದ.

ಮಾವ ಕೊಟ್ಟಿಗೆಯಲ್ಲಿದ್ದರು. ಕೈಯಲ್ಲಿ ಜಂತುಹುಳುವಿನ ಔಷಧಿ ತುಂಬಿದ ಬಿದಿರ ಗೊಟ್ಟ. ಮುಂದೆ, ಬಾಯಿ ತೆರೆಯಲೊಪ್ಪದ ಒಂದು ಕಡಸು.

“ಮಾವ...”

“ಬಾಲ ಇಡ್ಕಳ್ಲಾ,” ಎಂದರು ಕರಿಯಯ್ಯ, ತಿರುಗಿಯೂ ನೋಡದೆ.

ರಸಾಯನಶಾಸ್ತ್ರದ ಎಂ.ಎಸ್ಸಿ. ಬಾಲ ಹಿಡಿಯಿತು. ಕಡಸು ಒದರಿತು. ಬಾಲ ಕೈತಪ್ಪಿ, ಸೆಗಣಿಯ ಸಮೇತ ಶಿವರಾಮುವಿನ ಕೆನ್ನೆಗೆ ರಪ್ಪನೆ ಬಡಿಯಿತು. ಆ ಏಟಿಗೆ ಕನ್ನಡಿಯ ಮುಂದಿನ ತಪಸ್ಸೆಲ್ಲ ಹಾರಿಹೋಗಿ, ನಾಲಿಗೆ ನೇರವಾಗಿ ಹುಟ್ಟಿದೂರಿಗೆ ಹೋಯಿತು.

“ಅಯ್ಯೋ, ಅಂಗಲ್ಲ ಕಣ್ ಮಾವ! ನಾ ಏಳಕ್ಕೋಗಿದ್ದೇ ಬ್ಯಾರೆ, ಬಾಯಲ್ ಬಂದಿದ್ದೇ ಬ್ಯಾರೆ. ಆ ಗೌರಿ ಅಸ ಸತ್ತ ಜಾಗ ಐತಲ್ಲ, ಅದ್ನ ಓದ್ಬುಟ್ಟು ಬಸ್ಸಲ್ಲೇ ಅತ್ಬುಟ್ಟೆ. ಪಕ್ಕದಲ್ ಕೂತಿದ್ದೋರು ‘ಯಾರ್ ಓಗ್ಬುಟ್ರು ಸಾ?’ ಅಂದ್ರು. ಅಸ ಅಂದೆ. ‘ನಿಮ್ದಾ?’ ಅಂದ್ರು. ಊ, ನಮ್ದೇ ಅಂದೆ. ನಾನೂ ಅದ್ರ ಆಲು ಕುಡ್ದೇ ಬೆಳ್ದೋನಲ್ವಾ ಮಾವ?”

ಕರಿಯಯ್ಯ ಗೊಟ್ಟ ಕೆಳಗಿಟ್ಟು, ಹೆಗಲ ಮೇಲಿನ ಟವಲು ತೆಗೆದು ಅಳಿಯನ ಕೈಗೆ ಕೊಟ್ಟರು.

“ಮೊಕ ಒರ್ಸ್ಕೊ. ಇದ್ನೇ ಅವತ್ತು ಇಂಗೇ ಏಳಕ್ಕೆ ಏನ್ಲಾ ಆಗಿತ್ತು ನಿಂಗೆ?”

“ಮುಂದೆ ಮೈಕ್ ಇತ್ತಲ್ಲ ಮಾವ.”

“ನಂಗೂ ಅಂಗೇ ಕಣ್ಲಾ. ಮೊದಲ್ನೇ ಅಧ್ಯಾಯ ಬರೀವಾಗ, ಯಾರೋ ಎದ್ರುಗೆ ಮೈಕ್ ಮಡಗ್ಬುಟ್ಟವ್ರೆ ಅನ್ಸ್ತಿತ್ತು. ನನ್ ಪುಸ್ತಕದಾಗಿರೋ ತಪ್ಪ ನಂಗೆ ಫೋನಲ್ ಏಳ್ಬುಟ್ಟು, ಅದೇ ತಪ್ಪ ನೀನು ಮದ್ದೂರ್ ಜನದ ಮುಂದೆ ನಿಂತು ಮಾಡ್ದೆ!”

ವಿಮರ್ಶಕ ತಲೆ ತಗ್ಗಿಸಿದ. ಪುಸ್ತಕದ ಬಗ್ಗೆ ಅವನು ಕಂಡುಹಿಡಿದಿದ್ದ ಸತ್ಯ ಒಂದಂಶವೂ ಬದಲಾಗದೆ ಅವನಿಗೇ ಅನ್ವಯಿಸಿತ್ತು.

“ಪುಸ್ತಕ ಎಲ್ಲ ಅಂಗೇ ಉಳ್ಕಂಡ್ವಾ ಮಾವ? ನಾನೇ ಕಾಲೇಜಿಗೆ ತಗಂಡೋಗಿ...”

“ಎಲ್ ಉಳೀತವೆ?” ಎಂದು ಕರಿಯಯ್ಯ ಪಡಸಾಲೆಯ ಮೂಲೆ ತೋರಿಸಿದರು. ರಟ್ಟಿನ ಡಬ್ಬಗಳೆಲ್ಲ ಖಾಲಿ! “ಆ ವೀಡ್ಯ ನೋಡ್ಬುಟ್ಟು ಮಂಡ್ಯದಿಂದ್ಲೂ ಬಂದ್ರು. ಅಳಿಯನೇ ಮಾವನ್ನ ಇಂಗ್ ಬಯ್ಬೇಕಾದ್ರೆ ಅದ್ರಾಗ್ ಏನೋ ಐತೆ ಅಂತವ! ಓದ್ಬುಟ್ಟು ಫೋನ್ ಮಾಡಿ ಅಳ್ತಾವ್ರೆ. ಅದ್ಕೇ ನಿನ್ ಫೋನ್ ಎತ್ತಕ್ಕೆ ಪುರುಸೊತ್ತಿಲ್ಲ.”

“ನನ್ನ ಮೇಲೆ ಕೋಪ ಇರ್ಲಿಲ್ವಾ?”

“ಎಲ್ಡು ದಿನ ಇತ್ತು. ಆಮೇಕೆ ಡಬ್ಬ ಖಾಲಿ ಆಯ್ತು.” ಒಳಗಿನಿಂದ ಸೋಮಮ್ಮನ ನಗು ಕೇಳಿಸಿತು. “ಈಗ ಪ್ರೆಸ್ಸೋರು ಎಲ್ಡನೇ ಮುದ್ರಣ ಮಾಡ್ತಾರಂತೆ. ಇಂದಿನ್ ರಟ್ಟಿಗೆ ನಿನ್ ಅಭಿಪ್ರಾಯ ಬೇಕಂತೆ. ಒಂದೇ ಸಾಲು. ಬರ್ಕೊಡು.”

ಶಿವರಾಮುವಿನ ಎದೆ ಉಬ್ಬಿತು. ಕಡೆಗೂ ಶುದ್ಧ ಸತ್ಯಕ್ಕೆ ಜಾಗ ಸಿಕ್ಕಿತು! ಬಾಯಿ ಕೈಕೊಡಬಹುದು, ಕೈ ಕೈಕೊಡುವುದುಂಟೇ? ಮುಖ ತೊಳೆದು ಬಂದು, ಜಗಲಿಯ ಮೇಲೆ ಕೂತು, ಪ್ರತಿ ಅಕ್ಷರವನ್ನೂ ಪರೀಕ್ಷಿಸಿ, ದುಂಡಗೆ ಬರೆದುಕೊಟ್ಟ: ‘ಇದು ಆಳವಾದ ಪುಸ್ತಕ.’

ಕರಿಯಯ್ಯ ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ, ಹುಟ್ಟಿದಾಗಿನಿಂದ ಆ ಅಕ್ಷರವನ್ನು ಬಾಯಿಗೇ ತಂದುಕೊಂಡಿರದ ಆ ಮನುಷ್ಯ ಗಂಟಲು ಸರಿಮಾಡಿಕೊಂಡು, ಅಳಿಯನ ಮುಂದೆ ಪೆನ್ನು ಹಿಡಿದು, ಸ್ಪಷ್ಟವಾಗಿ ಹೇಳಿದರು:

“ಲೇ ಸಿವ್ರಾಮು, ‘ಹ’ ಮರ್ತಿದ್ದೀಯ ಕಣ್ಲಾ!”