ಯಾರದೂ ಅಲ್ಲದ ಬೆಕ್ಕು

ನಮ್ಮ ಸೋದರಮಾವ ತನ್ನ ಜೀವಮಾನದಲ್ಲಿ ಒಂದು ಸೂಜಿಯನ್ನೂ ಕಳೆದುಕೊಂಡವನಲ್ಲ. ಇದು ಹೊಗಳಿಕೆಯಲ್ಲ, ದೂರು. ಅಂಥವನ ಜೊತೆ ಒಂದೇ ಮನೆಯಲ್ಲಿದ್ದು ನೋಡಿ, ಗೊತ್ತಾಗುತ್ತದೆ!

ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಮಾಮಾ ಮೂವತ್ತಾರು ವರ್ಷ ಸ್ಟೋರ್‌ಕೀಪರ್ ಆಗಿದ್ದ. ನಟ್ಟು, ಬೋಲ್ಟು, ಬೇರಿಂಗು ಎಲ್ಲಕ್ಕೂ ಒಂದೊಂದು ಚೀಟಿ ಕಟ್ಟಿ, ವಸ್ತು ಯಾವುದು, ಯಾವತ್ತು ಬಂತು, ಯಾರ ವಶದಲ್ಲಿದೆ ಎಂದು ಬರೆದಿಡುವುದು ಅವನ ಕೆಲಸ. ನಿವೃತ್ತಿಯ ದಿನ ಕಾರ್ಖಾನೆ ಅವನನ್ನು ಬಿಟ್ಟಿತು, ಅವನು ಚೀಟಿಯನ್ನು ಬಿಡಲಿಲ್ಲ. ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಇರಲಿ, ಒಪ್ಪೋಣ. ಪೊರಕೆಗೆ ಯಾಕೆ? 'ಪೊರಕೆ, ಒಂದು' ಎಂದು ಬರೆಯದೆ ಹೋಗಿದ್ದರೆ ನಾನೇನು ಅದನ್ನು ವೀಣೆ ಎಂದುಕೊಂಡು ನುಡಿಸಲು ಕೂಡುತ್ತಿದ್ದೆನೇ?

ನಾನು ಧಾರವಾಡದಿಂದ ಬಾಂದ್ರಾದ ಒಂದು ಆಫೀಸಿನ ಕೆಲಸಕ್ಕೆ ಬಂದವಳು. ಬಾಡಿಗೆಗೆ ಕೋಣೆ ಸಿಗುವತನಕ, ಎರಡು ವಾರ, ಎಂದು ಮಾಮಾನ ಮನೆಯಲ್ಲಿ ಇಳಿದೆ. ಅದಾಗಿ ಹನ್ನೊಂದು ವರ್ಷವಾಯಿತು. ಅಷ್ಟಾದರೂ ಯಾರಾದರೂ ಕೇಳಿದರೆ, "ಅಕ್ಕನ ಮಗಳು. ಟೆಂಪರರಿ" ಎಂದೇ ಪರಿಚಯ ಮಾಡಿಸುತ್ತಿದ್ದ. ಸಂಜೆ ಲೋಕಲ್‌ನಲ್ಲಿ ಜಜ್ಜಿಸಿಕೊಂಡು ಮನೆ ಮುಟ್ಟಿದರೆ ಪೇಪರಿನಿಂದ ಕಣ್ಣೆತ್ತದೆ "ಬಂದ್ಯಾ?" ಎನ್ನುತ್ತಿದ್ದ. ಅಷ್ಟೇ ಸ್ವಾಗತ.

ಅವನು ಮದುವೆಯಾಗಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಮಾಮಾ, ನೀ ಲಗ್ನಾ ಯಾಕ ಮಾಡ್ಕೊಳ್ಳಲಿಲ್ಲ?"

"ನಂದು ಅಂತ ಸಹಿ ಮಾಡಿದ ಮ್ಯಾಲೆ ಅದು ಕಳೀಬಹುದವಾ. ಸಹಿನ ಮಾಡಲಿಲ್ಲಂದ್ರ ಕಳಿಯೂದು ಹ್ಯಾಂಗ?"

ಮದುವೆಗೂ ಸ್ಟೋರಿನ ತರ್ಕ!

ಬೆಕ್ಕು ಬಂದಾಗಲೂ ಅದೇ ತರ್ಕ. ಎರಡು ವರ್ಷದ ಹಿಂದೆ, ಜೋರು ಮಳೆಯಲ್ಲಿ, ಮಾಮಾ ಹಾಲು ತರಲು ಹೋದವನು ಹಿಂದೆ ಒಂದು ಬೂದುಬಣ್ಣದ ಮರಿಯನ್ನು ಕಟ್ಟಿಕೊಂಡು ಮೂರು ಮಜಲು ಹತ್ತಿ ಬಂದ. "ನಂದಲ್ಲ. ಮಳಿ ನಿಂತ ಮ್ಯಾಲೆ ಹೋಗ್ತದ" ಎಂದ. ಮಳೆ ನಿಂತಿತು, ಮರುವರ್ಷ ಮತ್ತೆ ಬಂದು ಮತ್ತೆ ನಿಂತಿತು. ಬೆಕ್ಕು ಮಾತ್ರ ಕಿಟಕಿಯ ಕಟ್ಟೆ ಬಿಟ್ಟು ಹೋಗಲಿಲ್ಲ. ಪೊರಕೆಗೆ ಚೀಟಿ ಇದ್ದ ಮನೆಯಲ್ಲಿ ಅದಕ್ಕೊಂದು ಚೀಟಿಯಿಲ್ಲ, ಹೆಸರಿಲ್ಲ, ಕೊರಳಿಗೆ ಪಟ್ಟಿಯೂ ಇಲ್ಲ! ನಾನು ಪಟ್ಟಿ ತರುತ್ತೇನೆಂದರೆ, "ಟೆಂಪರರಿಗೆ ಯಾತರ ಪಟ್ಟಿ" ಎಂದು ನನ್ನನ್ನೂ ಸೇರಿಸಿಯೇ ನೋಡಿದ.

ಆದರೆ ಈ ಶುದ್ಧ ಸಸ್ಯಾಹಾರಿ ಪ್ರತಿ ಬುಧವಾರ ಸ್ಟೇಷನ್ ಹತ್ತಿರದ ಮೀನು ಮಾರುವಾಕೆಯ ಎದುರು ಮುಖ ತಿರುಗಿಸಿ ನಿಂತು, ಬೆರಳಿನಿಂದ ಸಣ್ಣ ಮೀನು ತೋರಿಸುತ್ತಿದ್ದ. ಆಕೆ ಒಮ್ಮೆ ಮರಾಠಿಯಲ್ಲಿ, ಬೆಕ್ಕು ನಿಮ್ಮದಾ ಕಾಕಾ ಎಂದು ಕೇಳಿದಳಂತೆ. ಮಾಮಾ ಅಷ್ಟೇ ಶುದ್ಧ ಮರಾಠಿಯಲ್ಲಿ, ಬೆಕ್ಕು ನನ್ನದಲ್ಲ, ಮೀನು ಮಾತ್ರ ನನ್ನದು ಎಂದನಂತೆ.

ಹೀಗಿರುವಾಗ ನಮ್ಮ ಸೊಸೈಟಿಯವರಿಗೆ ಸುಣ್ಣಬಣ್ಣದ ಹುಕಿ ಹತ್ತಿತು. ನಾಲ್ಕು ಬಿಲ್ಡಿಂಗ್, ನಾಲ್ಕೂ ಒಂದೇ ಅಚ್ಚಿನವು. ಬಣ್ಣವಷ್ಟೇ ಬೇರೆ. ನಮ್ಮದು ಹಳದಿ, ಪಕ್ಕದ್ದು ನೀಲಿ. ಈ ಸಲ ನಾಲ್ಕಕ್ಕೂ ಒಂದೇ ಕೆನೆಬಣ್ಣ, ನೋಡಲು ಚೆಂದ, ಎಂದು ಮೀಟಿಂಗಿನಲ್ಲಿ ತೀರ್ಮಾನವಾಯಿತು. ಮಾಮಾ ಎದ್ದು ನಿಂತು, ಇದು ಸ್ಟೋರಿನ ಕಪಾಟುಗಳಿಂದ ಚೀಟಿ ಕಿತ್ತು ಹಾಕಿದಂತಾಗುತ್ತದೆ ಎಂದು ತನ್ನ ಕಾರ್ಖಾನೆ ಹಿಂದಿಯಲ್ಲಿ ಎಚ್ಚರಿಸಿದ. ಯಾರಿಗೂ ಅರ್ಥವಾಗಲಿಲ್ಲ. ಎಲ್ಲರೂ ಸಮೋಸಾ ತಿಂದು ಮನೆಗೆ ಹೋದರು.

ಬಿಲ್ಡಿಂಗ್ ಸುತ್ತ ಬಿದಿರಿನ ಅಟ್ಟಣಿಗೆ ಎದ್ದಿತು. ಬೆಕ್ಕಿಗೆ ಅದು ಸಾಕ್ಷಾತ್ ರಾಜಮಾರ್ಗ. ಅಡುಗೆಮನೆಯ ಕಿಟಕಿಯಿಂದ ಹೊರಗೆ ಹೋಗಿ, ಬಿದಿರಿನ ಮೇಲೆ ಗಸ್ತು ತಿರುಗಿ, ಊಟದ ಹೊತ್ತಿಗೆ ಹಾಜರಾಗುತ್ತಿತ್ತು. ಬಣ್ಣ ಮುಗಿಯಿತು. ಒಂದು ಸೋಮವಾರ ಬೆಕ್ಕು ಹೊರಗಿರುವಾಗಲೇ ಕೂಲಿಯವರು ಬಿದಿರು ಬಿಚ್ಚಿಕೊಂಡು ಹೋದರು. ಬೆಕ್ಕು ಬರಲಿಲ್ಲ.

"ನಂದಲ್ಲಲ್ಲ. ಎಲ್ಲೆ ಬೇಕು ಅಲ್ಲೆ ಹೋಗಲಿ" ಎಂದ ಮಾಮಾ. ಹಾಗೆಂದವನು ಊಟಕ್ಕೆ ಏಳಲಿಲ್ಲ.

ಮಂಗಳವಾರ ಬೆಳಿಗ್ಗೆ ಕೆಳಗಿನ ಬೋರ್ಡಿನ ಮೇಲೆ ಅವನ ಮುತ್ತಿನಂಥ ಅಕ್ಷರದಲ್ಲಿ ಹಿಂದಿ, ಮರಾಠಿ, ಕನ್ನಡ ಮೂರರಲ್ಲೂ ಒಂದು ಪ್ರಕಟಣೆ ಕಂಡಿತು. 'ವಸ್ತು: ಬೆಕ್ಕು. ಸಂಖ್ಯೆ: ಒಂದು. ಬಣ್ಣ: ಮೇಲೆ ಬೂದು, ಕೆಳಗೆ ಬಿಳಿ. ಸ್ಥಿತಿ: ಬಳಸಿದ್ದು, ಆದರೆ ಉತ್ತಮ. ಒಡೆಯರು: ಯಾರೂ ಇಲ್ಲ.'

ವಿಜಯಪುರದ ಕಡೆಯ ನಮ್ಮ ವಾಚ್‌ಮನ್ ಅದನ್ನು ಎರಡು ಸಲ ಓದಿದ. "ಸಾಹೇಬ್ರ, ಒಡೆಯಾ ಯಾರೂ ಇಲ್ಲಂದ್ರ ಸಿಕ್ಕ ಮ್ಯಾಲೆ ಕೊಡೂದು ಯಾರಿಗ್ರಿ?"

ಮಾಮಾ ನೆಟ್ಟಗೇ ಇದ್ದ ಕಾಗದವನ್ನು ಮತ್ತೊಮ್ಮೆ ನೆಟ್ಟಗೆ ಮಾಡಿದ. "ಮೂರನೇ ಮಜಲಿಗೆ ತಂದು ಬಿಡು. ಮುಂದಿಂದು ಆಮ್ಯಾಲೆ ನೋಡೂಣು."

ನನ್ನ ಆಫೀಸಿನ ಗೆಳತಿಯೊಬ್ಬಳು ಮೂರು ಬೆಕ್ಕು ಸಾಕಿದವಳು. ಅವಳು ಫೋನಿನಲ್ಲಿ ಪಾಠ ಹೇಳಿದಳು. ಮನೆಬೆಕ್ಕು ದೂರ ಹೋಗುವುದಿಲ್ಲ, ಹೆದರಿ ಹತ್ತಿರವೇ ಅಡಗಿರುತ್ತದೆ. ಕೂಗಾಡಬೇಡಿ. ಬೆಳಗಿನ ಜಾವ ಸದ್ದಿಲ್ಲದ ಹೊತ್ತಲ್ಲಿ ಮೆಲ್ಲಗೆ ಕರೆಯಿರಿ. ಅದು ಮಲಗುವ ಬಟ್ಟೆಯನ್ನು ಬಾಗಿಲ ಹೊರಗಿಡಿ, ವಾಸನೆ ಹಿಡಿದು ಬರುತ್ತದೆ.

"ಅದು ಮಲಗೂ ಬಟ್ಟಿ ಯಾವುದು ಮಾಮಾ?" ಎಂದೆ. ಅವನು ಟ್ರಂಕಿನ ಹಿಂದಿನಿಂದ ತನ್ನ ಕಾರ್ಖಾನೆಯ ಖಾಕಿ ಕೋಟು ತೆಗೆದು ಕೊಟ್ಟ. ಅದರ ತುಂಬ ಬೂದು ಕೂದಲು. ಆ ಕೋಟನ್ನು ಒಮ್ಮೆ ನಾನು ಒಗೆಯಲು ಮುಟ್ಟಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ ಮಹಾನುಭಾವ!

ಇನ್ನು ಕರೆಯುವುದು. ಹೆಸರಿಲ್ಲದ್ದನ್ನು ಏನೆಂದು ಕರೆಯಬೇಕು? ಬುಧವಾರ ನಸುಕಿನಲ್ಲಿ ಮಾಮಾ ಅಂಗಳದ ಕಾರುಗಳ ಕೆಳಗೆಲ್ಲ ಬಗ್ಗಿ ಬಗ್ಗಿ, ಮೆಲುದನಿಯಲ್ಲಿ "ಬಂದ್ಯಾ? ಬಂದ್ಯಾ?" ಎನ್ನುತ್ತಿದ್ದ. ವಾಕಿಂಗಿಗೆ ಹೊರಟ ಹೆಂಗಸರು ಕಾರಿನ ಕೆಳಗೆ ಯಾರು ಬರಬೇಕಾಗಿತ್ತೋ ಎಂದು ನಿಂತು ನೋಡಿದರು. ನನಗೆ ನಗು ಬಂತು. ಅದು ದಿನಾ ಸಂಜೆ ನನಗೆ ಹೇಳುವ ಮಾತೇ ಎಂದು ಹೊಳೆದ ಮೇಲೆ ನಗುವುದಾಗಲಿಲ್ಲ.

ಗುರುವಾರ ಸಂಜೆ ನಾನು ಮನೆಗೆ ಬಂದರೆ, ಮಾಮಾ ಕುರ್ಚಿಯಲ್ಲಿ ಕೂತಿದ್ದ. ತೊಡೆಯ ಮೇಲೆ ಬೆಕ್ಕು! ಸೊರಗಿತ್ತು, ಒಂದು ಕಿವಿಗೆ ಗೀರು ಬಿದ್ದಿತ್ತು, ಆದರೆ ಅದೇ ಬೆಕ್ಕು. ಸುದ್ದಿ ಆಗಲೇ ಬಿಲ್ಡಿಂಗ್ ತುಂಬ ಹರಡಿ, ನಾಲ್ಕು ಜನ ನೋಡಲು ಬಂದಿದ್ದರು. ಪಕ್ಕದ ಬಿಲ್ಡಿಂಗಿನ ಮೂರನೇ ಮಜಲಿನಲ್ಲಿ, ನಮ್ಮ ಮನೆಯ ಜಾಗದಲ್ಲೇ ಇರುವ ಮನೆಯ ಬಾಗಿಲಿಗೆ ಅದು ನಾಲ್ಕು ದಿನ ಕಾದು ಕೂತಿತ್ತಂತೆ. ಆ ಮನೆಯವರು ಊರಿಗೆ ಹೋಗಿದ್ದರು. ಎದುರು ಮನೆಯಾಕೆ, ಅದು ಅವರದೇ ಬೆಕ್ಕು ಎಂದುಕೊಂಡು ಒಂದಿಷ್ಟು ಹಾಲು ಹಾಕಿದ್ದಳು.

"ಸಾಹೇಬ್ರ ತಲಿ ಅಂದ್ರ ತಲಿ" ಎಂದು ವಾಚ್‌ಮನ್ ಹೊಗಳಿದ. "ಬೆಕ್ಕು ಬಿಲ್ಡಿಂಗ್ ತಪ್ಪಿರಬೇಕು ಅಂತ ಬರೋಬ್ಬರಿ ಲೆಕ್ಕಾ ಹಾಕಿ ಹೋಗ್ಯಾರ ನೋಡ್ರಿ."

ಎಲ್ಲರೂ ಹೋದ ಮೇಲೆ ನಾನೂ ಹೊಗಳಿದೆ. ಮಾಮಾ ಬೆಕ್ಕಿನ ಬೆನ್ನು ಸವರುತ್ತಲೇ ಇದ್ದ.

"ನಾ ಹುಡುಕ್ಲಿಕ್ಕೆ ಹೋಗಿರಲಿಲ್ಲ" ಎಂದ.

"ಮತ್ತ?"

"ಹಾಲು ತಗೊಂಡು ಮನೀಗೆ ಬಂದೆ. ಕೀಲಿ ಹಾಕಿದೆ. ತಿರುಗಲಿಲ್ಲ. ಮತ್ತ ಹಾಕಿದೆ. ಕೆಳಗ ನೋಡಿದ್ರ ಇದು ಕೂತಿತ್ತು." ಬೆಕ್ಕಿನ ಕಿವಿಯ ಗೀರು ಮುಟ್ಟಿ ನೋಡಿದ. "ಹಳದಿ ನೋಡಿ ಬರ್ತಿದ್ದೆನವಾ. ಈಗೀಗ ಎಲ್ಲಾ ಒಂದ ಥರಾ ಕಾಣಸ್ತದ. ಇದು ಮೂರನೇ ಸಲ."

ಹೆದರಿಕೆಯಾಯಿತು. ಅವನ ಕೈ ಹಿಡಿದುಕೊಂಡು ಕೂತೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಶನಿವಾರ ಕಿಟಕಿಗಳಿಗೆ ಜಾಳಿಗೆ ಹಾಕಿಸಿದೆ. ಮಾಮಾ ಸ್ಟೇಷನ್ ಹತ್ತಿರದ ಕೀಲಿಯವನಿಂದ ಎರಡು ಹಿತ್ತಾಳೆ ಬಿಲ್ಲೆ ಕೊರೆಸಿಕೊಂಡು ಬಂದ. ಎರಡರ ಮೇಲೂ ನನ್ನ ಫೋನ್ ನಂಬರ್. ಒಂದನ್ನು ಕೆಂಪು ಪಟ್ಟಿಗೆ ಸಿಕ್ಕಿಸಿ ಬೆಕ್ಕಿನ ಕೊರಳಿಗೆ ಕಟ್ಟಿದ. ಒಂದು ಚೀಟಿ ತೆಗೆದು 'ಬೆಕ್ಕು, ಒಂದು' ಎಂದು ಬರೆದು, ಯಾರ ವಶದಲ್ಲಿ ಎನ್ನುವ ಕಡೆ ತನ್ನ ಸಹಿ ಮಾಡಿದ. ಇನ್ನೊಂದು ಬಿಲ್ಲೆಯನ್ನು ತನ್ನ ಕೀಲಿಗೊಂಚಲಿಗೆ ಹಾಕಿಕೊಂಡು, ಎರಡನೇ ಚೀಟಿ ನನ್ನ ಮುಂದೆ ಸರಿಸಿದ. ಅದರಲ್ಲಿ ಅವನ ಹೆಸರಿತ್ತು. ವಶದ ಜಾಗ ಖಾಲಿಯಿತ್ತು.

"ಇಲ್ಲೆ ನಿನ್ನ ಸಹಿ ಬೇಕು."

ಮಾಡಿದೆ. ಪೆನ್ನು ಹಿಡಿದೇ ಕೇಳಿದೆ, "ಟೆಂಪರರಿ ಅಂತ ಬರೀಲೇನು ಮಾಮಾ?"

"ಬ್ಯಾಡ" ಎಂದ.

ಈಗ ಹಾಲು ತರಲು ಮಾಮಾ, ಬೆಕ್ಕು ಇಬ್ಬರೂ ಕೂಡಿಯೇ ಹೋಗುತ್ತಾರೆ. ಮೆಟ್ಟಿಲ ಮೇಲೆ ಬಿಲ್ಲೆಗಳ ಸದ್ದು ಕೇಳಿದರೆ ಸಾಕು, ಅವನು ಕೀಲಿ ತೆಗೆಯುವ ಮೊದಲೇ ನಾನು ಬಾಗಿಲು ತೆಗೆದು ನಿಲ್ಲುತ್ತೇನೆ. "ಬಂದ್ಯಾ?" ಎನ್ನುತ್ತೇನೆ. ಮೊದಲು ಬೆಕ್ಕು ಬರುತ್ತದೆ, ಅದರ ಹಿಂದೆ ಅವನು.